ನೀರಿಗೆ ಹಾಕದ ಕೆಂಪು ಬಟ್ಟೆ

ಕೌದಿಯಕ್ಕ ಹೊಸ ಬಟ್ಟೆಯನ್ನು ನಂಬುತ್ತಿರಲಿಲ್ಲ. ಎಷ್ಟೇ ದುಬಾರಿಯದಾಗಲಿ, ಎಷ್ಟು ದೊಡ್ಡವರ ಮನೆಯಿಂದಲಾದರೂ ಬಂದಿರಲಿ, ಮೊದಲು ಅದು ಅವಳ ಹಿತ್ತಿಲಿನ ಸಿಮೆಂಟು ತೊಟ್ಟಿಯಲ್ಲಿ ಒಂದು ಹಗಲು ಮುಳುಗಿರಬೇಕು, ಆಮೇಲೆ ಕಲ್ಲಿನ ಮೇಲೆ ಬಿದ್ದು ಪೆಟ್ಟು ತಿನ್ನಬೇಕು, ಬಿಸಿಲಿನಲ್ಲಿ ಗರಿಗರಿಯಾಗಬೇಕು. ಅಷ್ಟಾದ ಮೇಲೇ ಕೌದಿಗೆ ಸೂಜಿ. ಅವಳು ಬಟ್ಟೆ ಬಡಿಯುವುದನ್ನು ಮೊದಲ ಸಲ ನೋಡಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಮೊಳದುದ್ದದ ಮರದ ಬಡಿಗೋಲನ್ನು ಹೆಗಲ ಮೇಲಿಂದ ಬೀಸಿ ಇಳಿಸಿದರೆ ಗೋಡೆಯಾಚೆ ನನ್ನ ಅಡುಗೆಮನೆಯ ತಟ್ಟೆಗಳು ಅದುರುತ್ತಿದ್ದವು. ಕತ್ತರಿಯನ್ನು ಅವಳು ಮುಟ್ಟುತ್ತಲೇ ಇರಲಿಲ್ಲ. ಅಂಚಿಗೆ ಹಲ್ಲಿನಿಂದ ಒಂದು ಕಚ್ಚು ಹಾಕಿ, ಎರಡೂ ಕೈಯಿಂದ ಹಿಡಿದು ಸರ್ರನೆ ಸೀಳುತ್ತಿದ್ದಳು.

ಗಿರಾಕಿಗಳು ಜಗಳಕ್ಕೆ ಬರುತ್ತಿದ್ದರು. ತೊಳೆದರೆ ಹೊಳಪು ಹೋಗುತ್ತದೆ, ಗಂಜಿ ಇಳಿದು ಬಟ್ಟೆ ಸೊಪ್ಪಾಗುತ್ತದೆ, ಅಂಥದ್ದನ್ನು ಉಡುಗೊರೆ ಕೊಡುವುದು ಹೇಗೆ ಎಂದು ಅವರ ವಾದ. ಅವಳು ಬೇಸರಪಡದೆ ತಿಳಿಸಿ ಹೇಳುತ್ತಿದ್ದಳು. ಕೌದಿಯ ಹೊಟ್ಟೆಯಲ್ಲಿರುವುದು ಹತ್ತು ವರ್ಷ ತೊಟ್ಟು ಒಗೆದ ಹಳೆಯ ಬಟ್ಟೆ, ಅದು ಕುಗ್ಗುವಷ್ಟು ಕುಗ್ಗಿ ಮುಗಿದಿದೆ. ಮೇಲಿನ ಹೊಸದು ಆಮೇಲೆ ಕುಗ್ಗಲು ಹೊರಟರೆ ಒಳಗಿನದು ಬಗ್ಗುವುದಿಲ್ಲ, ಹೊಲಿಗೆ ಕಿತ್ತು ಬರುತ್ತದೆ, ಇಲ್ಲವೇ ಇಡೀ ಕೌದಿ ಸೊಟ್ಟಗಾಗುತ್ತದೆ. ಬಣ್ಣದ ವಿಷಯಕ್ಕೆ ಮಾತ್ರ ಅವಳದು ಒಂದೇ ಮಾತು: “ಬಿಡೋ ಬಣ್ಣ ನನ್ನ ತೊಟ್ಟೀಲೇ ಬಿಡ್ಲಿ. ನಿಮ್ಮನೇಲಿ ಬಿಟ್ರೆ ಅದರ ಜೊತೆ ನನ್ನ ಹೆಸರೂ ಹೋಗುತ್ತೆ.”

ಅವಳ ಎಡಗಿವಿ ಕೇಳುತ್ತಿರಲಿಲ್ಲ. ಮಾತಾಡುವವರು ಬಲಕ್ಕೆ ಕೂರಬೇಕು. ಗಂಡ ಲಾರಿಗೆ ಮೂಟೆ ಹೇರುವವನು. ಮದುವೆಯಾದ ವರ್ಷವೇ ಹಿತ್ತಾಳೆ ಚೊಂಬಿನಿಂದ ಆ ಕಿವಿಗೆ ಬಾರಿಸಿದ್ದ. ಮುಂದೆ ಹನ್ನೊಂದು ವರ್ಷ ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿದ, ಚಪ್ಪಲಿ, ಬಾಗಿಲ ಅಗುಳಿ, ಒಮ್ಮೆ ಒಲೆಯೊಳಗಿನ ಕೊಳ್ಳಿ. ಕೊನೆಗೊಂದು ದಿನ ಲಾರಿಯ ಮೇಲಿಂದ ಮೂಟೆ ಜಾರಿ ಅವನ ಕುತ್ತಿಗೆಯ ಮೇಲೆ ಬಿತ್ತು. ಮೂಟೆಗೂ ಸಾಕಾಗಿತ್ತು ಅಂತ ಕಾಣುತ್ತದೆ ಎಂದು ಅವಳು ನನ್ನ ಹತ್ತಿರ ಒಮ್ಮೆ ಹೇಳಿದ್ದಳು, ದಾರವನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ. ಆ ಹನ್ನೊಂದು ವರ್ಷದಲ್ಲಿ ಅವಳು ಕಲಿತದ್ದು ರಕ್ತ ತೊಳೆಯುವುದು. ತಣ್ಣೀರು, ಒಂದು ಹಿಡಿ ಕಲ್ಲುಪ್ಪು, ಅದೂ ಒಣಗುವ ಮೊದಲೇ. ಬಿಸಿನೀರು ತಾಗಿಸಿದರೆ ಕೆಟ್ಟಿತು, ಕಲೆ ಕಂದು ತಿರುಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಬಟ್ಟೆ ಹರಿದರೂ ಬಿಡುವುದಿಲ್ಲ.

ಒಬ್ಬಳೇ ಮಗಳು. ಔಷಧಿ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸ ಮಾಡುತ್ತಿದ್ದಳು. ಆ ಕಂಪನಿಯ ಯಜಮಾನನ ಕಾರು ಓಡಿಸುವವನು ಅವಳನ್ನು ಮೆಚ್ಚಿದ, ಅವಳೂ ಮೆಚ್ಚಿದಳು. ಬಿಳಿ ಪ್ಯಾಂಟು, ಬಿಳಿ ಅಂಗಿ, ನಯವಾದ ಮಾತು. ಕೌದಿಯಕ್ಕ ಅಳಿಯನನ್ನು ಮೊದಲ ಸಲ ನೋಡಿದಾಗ ಅವನ ಕೈಗಳನ್ನು ನೋಡಿದಳಂತೆ. ಸಣ್ಣ ಕೈ, ಹೊಡೆಯುವ ಕೈಯಲ್ಲ ಎಂದುಕೊಂಡಳಂತೆ.

ಬೀಗಿತ್ತಿಗೆ ಮಾತ್ರ ಈ ಸಂಬಂಧ ಗಂಟಲಲ್ಲಿ ಸಿಕ್ಕ ಮುಳ್ಳು. ಸೊಸೆಯನ್ನು ಅವಳು ಕರೆಯುತ್ತಿದ್ದುದೇ “ಚಿಂದಿ ಮನೆಯವಳು” ಎಂದು. ಸತ್ತವರ ಬಟ್ಟೆ ಹೊಲಿದು ಬದುಕುವ ಮನೆ, ನಿಮ್ಮಲ್ಲಿ ಹೊಸದು ಅನ್ನುವುದನ್ನು ಕಣ್ಣಲ್ಲಿ ಕಂಡಿದ್ದೀರಾ ಎಂದು ಬಂದವರ ಮುಂದೆಲ್ಲ ಕೇಳುತ್ತಿದ್ದಳಂತೆ. ಮದುವೆಯಾಗಿ ಒಂದೂವರೆ ವರ್ಷಕ್ಕೆ ಮಗಳು ತಾಯಿಯ ಮನೆಗೆ ಬಂದು ಒಂದು ಕೌದಿ ಕೇಳಿದಳು. ಕೆಂಪು ಅಂಚು, ನಡುವೆ ಹಳದಿ ಚೌಕಗಳು, ಎಲ್ಲ ಹೊಸ ಬಟ್ಟೆ. ಒಂದೇ ಷರತ್ತು.

“ಅಮ್ಮ, ನೀರಿಗೆ ಹಾಕಬೇಡ. ಅಂಗಡಿ ಮಡಿಕೆ ಹಾಗೇ ಇರಲಿ. ಅತ್ತೆ ಮುಟ್ಟಿ ನೋಡಿದ್ರೆ ಹೊಸದು ಅಂತ ಗೊತ್ತಾಗಬೇಕು.”

ನಾನು ಅಲ್ಲೇ ಕೂತಿದ್ದೆ. ಯಾರು ಹೇಳಿದರೂ ಬಗ್ಗದ ಕೌದಿಯಕ್ಕ ಮಗಳ ಮುಖ ನೋಡಿ ಆಗಲಿ ಎಂದಳು. ಕೆಂಪು ಬಟ್ಟೆಯ ಅಂಗಡಿಯವನು ಬಣ್ಣಕ್ಕೆ ಗ್ಯಾರಂಟಿ ಕೊಟ್ಟಿದ್ದ. ಅವನು ಗ್ಯಾರಂಟಿ ಕೊಟ್ಟ ಎಂದಾಗಲೇ ಅವಳಿಗೆ ಅನುಮಾನ ಬರಬೇಕಿತ್ತು, ಬಂತು ಕೂಡ. ಆದರೂ ನಲವತ್ತು ದಿನ ಕೂತು ಹೊಲಿದಳು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ಕೌದಿ ಅವಳ ಕೈಯಿಂದ ಬಂದದ್ದಿಲ್ಲ.

ಬೀಗಿತ್ತಿ ಅದನ್ನು ತನ್ನ ಮಂಚಕ್ಕೇ ಹಾಸಿಕೊಂಡಳು. ಮೂರನೇ ವಾರ ಅದರ ಮೇಲೆ ತಲೆಗೆ ಹಚ್ಚುವ ಎಣ್ಣೆ ಚೆಲ್ಲಿತು. ದೊಡ್ಡ ಟಬ್ಬಿನಲ್ಲಿ ಸೋಪಿನ ಪುಡಿ ಕದಡಿ ಕೌದಿಯನ್ನು ನೆನೆಹಾಕಿ, ತೆಗೆದು, ನೊರೆ ಇನ್ನೂ ಇದೆಯಲ್ಲ, ಚೆಲ್ಲುವುದೇಕೆ ಎಂದು ಅದೇ ನೀರಿಗೆ ಮಗನ ಆರು ಬಿಳಿ ಅಂಗಿಗಳನ್ನು ಅದ್ದಿದಳು. ಕಣ್ಣು ಮಂಜು, ನೀರಿನ ಬಣ್ಣ ನೋಡಲಿಲ್ಲ. ಸಂಜೆ ಅಂಗಿಗಳು ಹಗ್ಗದ ಮೇಲೆ ಗುಲಾಬಿ ಬಣ್ಣದಲ್ಲಿ ತೂಗುತ್ತಿದ್ದವು.

ಮರುದಿನ ಬೇರೆ ಅಂಗಿಯಿಲ್ಲದೆ ಅಳಿಯ ಅದನ್ನೇ ತೊಟ್ಟು ಕೆಲಸಕ್ಕೆ ಹೋದ. ಉಳಿದ ಚಾಲಕರು ಶಿಳ್ಳೆ ಹಾಕಿದರು. ಯಜಮಾನ ಕಾರು ಹತ್ತುವ ಮುಂಚೆ ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿ, ಇವತ್ತು ಮನೆಗೆ ಹೋಗು ಎಂದ. ಅವನು ಹೋದ. ಬೆಲ್ಟು ಬಿಚ್ಚಿ ಅದರ ಕೊಕ್ಕೆಯ ತುದಿಯಿಂದ ಹೆಂಡತಿಯ ಬೆನ್ನಿಗೆ, ಕುತ್ತಿಗೆಗೆ ಹೊಡೆದ. ಅವಳು ಒಳಕೋಣೆಗೆ ಓಡಿ ಬಾಗಿಲು ಹಾಕಲು ಹೋದಾಗ ಹೊರಗಿನಿಂದ ಒದ್ದ. ಚೌಕಟ್ಟಿಗೂ ಬಾಗಿಲಿಗೂ ನಡುವೆ ಅವಳ ಎಡಗೈ ಸಿಕ್ಕಿತ್ತು. ಅವನು ಇನ್ನೊಮ್ಮೆ ಒದ್ದ.

ಇದು ನಮಗೆ ಆಮೇಲೆ ತಿಳಿದದ್ದು. ಅಂದು ಬಂದದ್ದು ಬೀಗಿತ್ತಿಯ ಫೋನು. ನಿಮ್ಮ ಕೌದಿ ನಮ್ಮ ಮಾನ ಕಳೆಯಿತು ಎಂದು ಅಂಗಿಗಳ ಕಥೆಯನ್ನು ಉದ್ದಕ್ಕೆ ಹೇಳಿ, ಕೊನೆಯಲ್ಲಿ, ಇಡುವ ಮುಂಚೆ, ಅವನು ನಾಲ್ಕು ಕೊಟ್ಟ, ಗಂಡಸಿಗೆ ಸಿಟ್ಟು ಬರುವುದಿಲ್ಲವೇ ಎಂದಳು. ಕೌದಿಯಕ್ಕ ಫೋನನ್ನು ಬಲಗಿವಿಯಿಂದ ತೆಗೆದು ನನ್ನ ಕಡೆ ತಿರುಗಿದಳು. ತೊಳೆಯದೆ ಕೊಟ್ಟವಳು ನಾನು, ಪೆಟ್ಟು ಅವಳಿಗೆ ಬಿತ್ತು ಎಂದಳು. ಆ ಅಂಗಿಗಳು ಮೊದಲಿನ ಹಾಗೆ ಬೆಳ್ಳಗಾದರೆ ಮಗಳು ಉಳಿಯುತ್ತಾಳೆ ಎಂಬುದು ಅವಳ ತಲೆಯಲ್ಲಿ ಕೂತುಬಿಟ್ಟಿತು. ಸೋಡಾ, ಬ್ಲೀಚಿಂಗ್ ಪುಡಿ, ಬಡಿಗೋಲು ಚೀಲಕ್ಕೆ ತುಂಬಿ ಬೆಳಗಿನ ಮೊದಲ ಬಸ್ಸು ಹಿಡಿದಳು.

ಮಗಳು ಬಾಗಿಲು ತೆರೆದಳು. ಎಡಗೈಯನ್ನು ಟವೆಲಿನಲ್ಲಿ ಕಟ್ಟಿ ಕೊರಳಿಗೆ ನೇತುಹಾಕಿದ್ದಳು. ಜಾರಿ ಬಿದ್ದೆ ಎಂದಳು. ತಾಯಿ ಕೇಳಿಸಿಕೊಂಡಳು, ನಂಬಲಿಲ್ಲ. ಮೊದಲು ಅಂಗಿ, ಆಮೇಲೆ ಉಳಿದದ್ದು ಎಂದು ಹಿತ್ತಿಲಿಗೆ ನಡೆದಳು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಅಂಗಿ ಬಿಳುಪಿಗೆ ಬಂದಿದ್ದವು. ಸೋಡಾ ಕಚ್ಚಿ ಅವಳ ಬೆರಳ ಸಂದು ಬಿರಿದಿತ್ತು. ಆಗ ಬೀಗಿತ್ತಿ ಒಂದು ರಾಶಿ ಹಾಸಿಗೆಯ ಬಟ್ಟೆ ತಂದು ಪಕ್ಕಕ್ಕೆ ಸುರಿದಳು.

“ಹೇಗೂ ಬಂದಿದ್ದೀರಲ್ಲ, ಇವನ್ನೂ ತಿಕ್ಕಿಬಿಡಿ. ನಿಮಗೇನು, ರೂಢಿ.”

ಕೌದಿಯಕ್ಕ ಒಂದೊಂದೇ ಎತ್ತಿ ನೀರಿಗೆ ಹಾಕಿದಳು. ಮಗಳ ದಿಂಬಿನ ಗವುಸು ಕೈಗೆ ಬಂತು. ಅದರ ಮೇಲೆ ಕಲೆಗಳಿದ್ದವು. ಮೊದಲು ಅದೂ ಕೌದಿಯ ಕೆಂಪೇ ಇರಬೇಕು ಎಂದುಕೊಂಡಳು. ನೀರಲ್ಲಿ ಅಲುಗಾಡಿಸಿದಳು. ಬಣ್ಣವಾದರೆ ನೀರಿಗೆ ಓಡುತ್ತದೆ, ಇದು ಓಡಲಿಲ್ಲ. ಬಟ್ಟೆಯನ್ನು ಬಿಸಿಲಿಗೆ ಎತ್ತಿ ಹಿಡಿದಳು. ಒಂದು ಕಲೆ ಗಾಢ ಕಂದು, ಅದರ ಪಕ್ಕದ್ದು ತೆಳು, ಇನ್ನೊಂದು ಎಷ್ಟು ಒಗೆತ ಕಂಡಿತ್ತೆಂದರೆ ಬರೀ ಅಂಚು ಉಳಿದಿತ್ತು. ಎಲ್ಲವೂ ಬಿಸಿನೀರಲ್ಲಿ ತೊಳೆದು ಕೆಟ್ಟ ಕಲೆಗಳು. ಎಷ್ಟು ಒಗೆತಕ್ಕೆ ಯಾವ ಕಲೆ ಎಷ್ಟು ತೆಳ್ಳಗಾಗುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆ ಬರೀ ಅಂಚು ಉಳಿದ ಕಲೆ ಬಿದ್ದಾಗ ಕೌದಿಯ ಬಟ್ಟೆಯನ್ನು ಇನ್ನೂ ಕೊಂಡೇ ಇರಲಿಲ್ಲ.

ಮಗಳನ್ನು ಬಲಗಡೆಗೆ ಕರೆದು, ಇದು ಯಾವಾಗಿನದು ಎಂದು ಕೇಳಿದಳು. ಮದುವೆಯಾದ ಮೂರನೇ ತಿಂಗಳಿನದು ಎಂದಳು ಮಗಳು. ಬಿಸಿನೀರು ಯಾಕೆ ಹಾಕಿದೆ ಎಂದು ತಾಯಿ ಕೇಳಿದಳು. ಆ ಹೊತ್ತಿನಲ್ಲಿ ಕೇಳುವ ಪ್ರಶ್ನೆಯೇ ಅದು ಎಂದು ನನ್ನ ಹತ್ತಿರ ಹೇಳುವಾಗ ಹಣೆ ಚಚ್ಚಿಕೊಂಡಳು.

“ಉಪ್ಪು ತಗೊಂಡ್ರೆ ಅತ್ತೆಗೆ ಗೊತ್ತಾಗುತ್ತೆ,” ಎಂದಳು ಮಗಳು. “ನಿನ್ನನ್ನ ನೋಡೇ ಕಲಿತದ್ದಮ್ಮ. ನೀನೂ ತೊಳೆದು ಸುಮ್ಮನೆ ಇರ್ತಿದ್ದೆ.”

ಅಷ್ಟರಲ್ಲಿ ಅಳಿಯ ಊಟಕ್ಕೆ ಬಂದ. ಹಿತ್ತಿಲ ಬಾಗಿಲಲ್ಲಿ ನಿಂತು, ಏನತ್ತೆ, ಬೆಳ್ಳಗಾಯಿತೇ ಎಂದು ನಗುತ್ತಾ ಕೇಳಿದ. ಕೌದಿಯಕ್ಕ ಎದ್ದು ನಿಂತು, ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಎಂದಳು. ಬಟ್ಟೆ ಒಗೆಯಲು ಬಂದವರು ಬಟ್ಟೆ ಒಗೆಯಿರಿ ಎಂದ ಅವನು. ಮಗಳು ತಾಯಿಯ ಕಡೆ ಒಂದು ಹೆಜ್ಜೆ ಇಟ್ಟಳು. ಅವನು ಅವಳ ಕಟ್ಟಿದ ಕೈಯನ್ನೇ ಹಿಡಿದು ಎಳೆದ. ಅವಳ ಕೂಗು ಬೀದಿಯ ತುದಿಯವರೆಗೆ ಕೇಳಿಸಿತಂತೆ.

ಬಡಿಗೋಲು ಹೆಗಲ ಮೇಲಿಂದ ಇಳಿಯಿತು. ಮೊದಲ ಪೆಟ್ಟಿಗೆ ಅವನ ಬಲ ಮುಂಗೈ ಮುರಿಯಿತು, ಒಣ ಕಡ್ಡಿಯ ಶಬ್ದ. ಅವನು ಬಗ್ಗಿದಾಗ ಎರಡನೆಯದು ಭುಜಕ್ಕೆ, ಮೂರನೆಯದು ಮಂಡಿಗೆ. ಬೀಗಿತ್ತಿ ಹಿಂದಿನಿಂದ ಬಂದು ಕೌದಿಯಕ್ಕನ ಕೂದಲು ಹಿಡಿದು ಹಿಂದಕ್ಕೆ ಎಳೆದಳು, ಹೆಗಲಿಗೆ ಹಲ್ಲು ಊರಿದಳು. ಅಳಿಯ ಎಡಗೈಯಲ್ಲಿ ಒಗೆಯುವ ಕಲ್ಲಿನ ಪಕ್ಕದ ಇಟ್ಟಿಗೆ ಎತ್ತಿಕೊಂಡ. ಆಗ ಮಗಳು ಕಾಲಿನಿಂದ ಟಬ್ಬನ್ನು ಉರುಳಿಸಿದಳು. ಸೋಪಿನ ಗುಲಾಬಿ ನೀರು ಹಿತ್ತಿಲೆಲ್ಲ ಹರಿಯಿತು. ಅವನು ಜಾರಿ ಮಕಾಡೆ ಬಿದ್ದ, ಮುಂದಿನ ಎರಡು ಹಲ್ಲು ಕಲ್ಲಿಗೆ ತಾಗಿ ಹೋದವು. ಮಗಳು ತಾಯಿಯ ಕೈಯಿಂದ ಬಡಿಗೋಲನ್ನು ಕಿತ್ತುಕೊಂಡಳು. ನನ್ನನ್ನು ತಡೆಯುತ್ತಾಳೆ, ಗಂಡನ ಕಡೆಗೇ ನಿಲ್ಲುತ್ತಾಳೆ ಎಂದುಕೊಂಡಳಂತೆ ಕೌದಿಯಕ್ಕ. ಮಗಳು ಅದನ್ನು ಅತ್ತೆಯ ಮುಖದ ಮುಂದೆ ಹಿಡಿದು, ಬಿಡಿ ಅಮ್ಮನ ಕೂದಲು ಎಂದಳು. ಮೆಲ್ಲಗೆ ಹೇಳಿದಳಂತೆ. ಅತ್ತೆ ಬಿಟ್ಟಳು.

ಇಬ್ಬರೂ ಬರಿಗಾಲಲ್ಲಿ ಬೀದಿಗೆ ಬಂದರು. ಆಸ್ಪತ್ರೆಯಲ್ಲಿ ಮಗಳ ಕೈಯ ಎರಡು ಮೂಳೆ ಮುರಿದಿವೆ ಎಂದರು. ಬೆನ್ನು ನೋಡಿದ ಡಾಕ್ಟರಮ್ಮ, ಮೊದಲು ಠಾಣೆಗೆ ಹೋಗಿ ಎಂದು ಚೀಟಿ ಬರೆದುಕೊಟ್ಟಳು. ದೂರು ಕೊಟ್ಟರು. ಅಳಿಯನೂ ಕೊಟ್ಟ.

ನಾಲ್ಕನೇ ದಿನ ಹಾಡುಹಗಲೇ ಅವನ ಗೆಳೆಯರಿಬ್ಬರು ನಮ್ಮ ಓಣಿಗೆ ಬಂದರು. ಹಗ್ಗದ ಮೇಲಿದ್ದ ಕೌದಿಗಳನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಕೌದಿಯಕ್ಕ ಒಂದನ್ನು ಹಿಡಿದುಕೊಂಡು ಬಿಡಲಿಲ್ಲ. ಒಬ್ಬ ಅವಳನ್ನು ನೆಲಕ್ಕೆ ಕೆಡವಿ ಬಲಗೈಯ ಮೇಲೆ ಬೂಟಿನ ಹಿಮ್ಮಡಿ ಇಟ್ಟು ತಿರುವಿದ. ನಾನು ಹೋಗಿ ಕೈಲಿದ್ದ ನೀರಿನ ಕೊಡವನ್ನು ಅವನ ತಲೆಗೆ ಅಪ್ಪಳಿಸಿದೆ. ಪ್ಲಾಸ್ಟಿಕ್ಕಿನ ಕೊಡ, ಅವನಿಗೆ ಸ್ನಾನವಾಯಿತು ಅಷ್ಟೇ. ಅಕ್ಕಪಕ್ಕದವರು ಸೇರಿದ ಮೇಲೆ ಆ ಇಬ್ಬರೂ ಓಡಿದರು. ಅವಳ ಎರಡು ಬೆರಳು, ಸೂಜಿ ಹಿಡಿಯುವವೇ, ಮುರಿದಿದ್ದವು.

ಅದಾಗಿ ವಾರಕ್ಕೆ ರಾಜಿಗೆ ಬಂದರು. ಪಟ್ಟಿ ಕಟ್ಟಿದ ಅಳಿಯ, ಬೀಗಿತ್ತಿ, ಅಳಿಯನ ಸೋದರಮಾವ. ಮಾವ ಮಾತು ಬಲ್ಲವನು. ಕೈಯಲ್ಲಿ ಮೊದಲೇ ಟೈಪು ಮಾಡಿಸಿದ ಕಾಗದ. ತಪ್ಪು ಎರಡೂ ಕಡೆ ಇದೆ ಎಂದು ಶುರುಮಾಡಿದ. ಹುಡುಗ ದುಡುಕಿದ, ನಿಜ. ಆದರೆ ಮೂಲ ಎಲ್ಲಿಯದು? ಬಟ್ಟೆ ತೊಳೆಯದೆ ಕೌದಿ ಕೊಟ್ಟದ್ದು. ಕಸಬು ಬಲ್ಲವರೇ ಹಾಗೆ ಮಾಡಬಹುದೇ? ಅದನ್ನು ನೀವು ಒಪ್ಪಿಕೊಳ್ಳಿ, ಎರಡೂ ದೂರು ವಾಪಸಾಗಲಿ, ಹುಡುಗಿಯನ್ನು ಇವತ್ತೇ ಕಳಿಸಿ, ಎಲ್ಲ ಮರೆತುಬಿಡೋಣ.

ಕೌದಿಯಕ್ಕ ಪೂರ್ತಿ ಕೇಳಿಸಿಕೊಂಡಳು. ಬಲಗಿವಿ ಅವನ ಕಡೆಗೇ ಇತ್ತು.

“ತೊಳೆಯದೆ ಕೊಟ್ಟದ್ದು ನನ್ನ ತಪ್ಪೇ,” ಎಂದಳು. “ಇಲ್ಲ ಅನ್ನಲ್ಲ. ಆರು ಅಂಗಿ ಕೆಡ್ತು, ಆರು ಹೊಸದು ಹೊಲಿಸಿ ಕೊಡ್ತೀನಿ. ಬಣ್ಣದ ಲೆಕ್ಕ ಅಲ್ಲಿಗೆ ಮುಗೀತು. ದಿಂಬಿನ ಮೇಲಿದ್ದದ್ದು ಬಣ್ಣ ಅಲ್ಲ. ಅದಕ್ಕೆ ನೀವು ಏನು ಕೊಡ್ತೀರಿ, ಕೋರ್ಟಲ್ಲಿ ಹೇಳಿ.”

ಮಾವ ಅವಳನ್ನು ಬಿಟ್ಟು ಮಗಳ ಕಡೆ ತಿರುಗಿದ. ಹಿರಿಯರಿಗೆ ಸಿಟ್ಟಿದೆ, ಬಾಳುವವಳು ನೀನು, ನೀನೇನು ಹೇಳುತ್ತೀಯಮ್ಮ ಎಂದು ಕಾಗದವನ್ನೂ ಪೆನ್ನನ್ನೂ ಅವಳ ಮುಂದೆ ಇಟ್ಟ. ಕೌದಿಯಕ್ಕ ಮಗಳ ಕಡೆ ನೋಡಲಿಲ್ಲ. ತನ್ನ ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತಾ ಕೂತಿದ್ದಳು.

ಮಗಳು ಕಾಗದವನ್ನು ಮಗುಚಿ, ಖಾಲಿ ಬದಿಯನ್ನು ಮಾವನ ಕಡೆ ತಳ್ಳಿದಳು.

“ಅಂಗಿ ಅಳತೆ ಇದರಲ್ಲಿ ಬರೆದು ಹೋಗಿ.”

ಬೀಗಿತ್ತಿ ಮಗನ ಕಡೆ ನೋಡಿದಳು. ಅವನು ಮುಂದಿನ ಹಲ್ಲು ಹೋದ ಬಾಯಲ್ಲಿ, ಕತ್ತು ಹದಿನೈದೂವರೆ ಎಂದ. ಮಾವ ಮೊದಲು ಎದ್ದ, ಉಳಿದವರು ಅವನ ಹಿಂದೆ ಹೋದರು. ಪೆನ್ನು ಅಲ್ಲೇ ಉಳಿಯಿತು. ಮಗಳು ಅದನ್ನು ತೆಗೆದುಕೊಂಡು ಅವನು ಹೇಳಿದ್ದನ್ನು ಬರೆದಿಟ್ಟಳು, ಮರೆತರೆ ಮತ್ತೆ ಕೇಳಲು ಹೋಗಬೇಕಾಗುತ್ತದೆ ಎಂದು.