ಬಹುವಚನ

ಆ ಮನೆಯಲ್ಲಿ ಯಾರೂ ಯಾರಿಗೂ ‘ನೀವು’ ಎನ್ನುತ್ತಿರಲಿಲ್ಲ. ಹುಡುಗಿ ಅಪ್ಪನಿಗೆ ‘ನೀನು’ ಎನ್ನುತ್ತಿದ್ದಳು, ಅಮ್ಮನಿಗಂತೂ ಅದೂ ಇಲ್ಲ, ಬರೀ ‘ಏಯ್ ಅಮ್ಮಾ, ಬಾರೇ ಇಲ್ಲಿ’. ಕೆಲವು ಮನೆಗಳಲ್ಲಿ ಹೆತ್ತವರಿಗೂ ಬಹುವಚನ ಕೊಟ್ಟು ಮಾತಾಡುತ್ತಾರೆ. ಈ ಮನೆಗೆ ಅಷ್ಟೊಂದು ಮರ್ಯಾದೆ ಒಗ್ಗುತ್ತಿರಲಿಲ್ಲ. ಇಲ್ಲಿ ಬಹುವಚನ ಸಲ್ಲುತ್ತಿದ್ದದ್ದು ಡಾಕ್ಟರಿಗೆ, ಬಾಡಿಗೆ ಕೇಳಲು ಬರುವ ಮನೆ ಓನರಿಗೆ, ಮತ್ತೆ ಹೊರದೇಶದಿಂದ ರಜೆಗೆ ಬರುವ ಚಿಕ್ಕಮ್ಮನಿಗೆ.

ಆ ಚಿಕ್ಕಮ್ಮನೇ ಹುಡುಗಿಯನ್ನು ಹೆತ್ತವಳು.

ಮನೆಯೊಳಗೆ ಇದು ಗುಟ್ಟೇನಲ್ಲ, ಬುದ್ಧಿ ತಿಳಿದಾಗಿನಿಂದ ಹುಡುಗಿಗೂ ಗೊತ್ತು. ಗೊತ್ತಿಲ್ಲದಿದ್ದದ್ದು ಹೊರಗಿನವರಿಗೆ. ಅಕ್ಕ ತಂಗಿ ಇಬ್ಬರೇ. ತಂಗಿಯ ಗಂಡ ಒಂದು ಬೆಳಿಗ್ಗೆ ಕೆಲಸಕ್ಕೆಂದು ಹೋದವನು ಇನ್ನೊಬ್ಬಳ ಜೊತೆ ಊರು ಬಿಟ್ಟ. ಕಂಕುಳಲ್ಲಿ ಮೂರು ವರ್ಷದ ಕೂಸು. ಮಕ್ಕಳಿಲ್ಲದ ಅಕ್ಕ, “ಇವಳನ್ನ ನನ್ನ ಹತ್ರ ಬಿಡು, ನೀನು ಹೋಗಿ ಎರಡು ವರ್ಷ ದುಡ್ಕೊಂಡು ಬಾ” ಎಂದಳು. ತಂಗಿ ಹೋದಳು. ಎರಡು ವರ್ಷಕ್ಕೆಂದು ಹೋದವಳಿಗೆ ಇಪ್ಪತ್ತು ಹಿಡಿಯಿತು.

ಪಾಪ ಎನ್ನಲು ಅವಸರ ಬೇಡ. ಮೊದಲ ನಾಲ್ಕೈದು ವರ್ಷ ಪಾಪವೇ, ನಿಜ. ರಾತ್ರಿ ದಿಂಬು ಕಚ್ಚಿ ಅತ್ತದ್ದೂ ಉಂಟು. ಆಮೇಲೆ ಅವಳಿಗೆ ಅಲ್ಲಿಯ ರುಚಿ ಹತ್ತಿತು. ತನ್ನದೇ ಒಂದು ಕೋಣೆ, ತನ್ನದೇ ಬೀಗದ ಕೈ, ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೂ ಯಾಕೆ ಎಂದು ಕೇಳುವವರಿಲ್ಲ. ಪ್ರತಿ ವರ್ಷ ‘ಇದೊಂದು ವರ್ಷ’ ಎಂದಳು. ಕೂಸನ್ನು ಶಾಲೆಗೆ ಸೇರಿಸುವಾಗ ತಾಯಿ ಯಾರೆಂದು ಕೇಳಿದ್ದಕ್ಕೆ ಅಕ್ಕ ತನ್ನ ಹೆಸರನ್ನೇ ಹೇಳಿ, ಆಮೇಲೆ ಅಳುಕಿನಿಂದಲೇ ಫೋನು ಮಾಡಿದಳು. “ಆಯ್ತು ಬಿಡಕ್ಕಾ, ಏನೀಗ?” ಎಂದಳು ತಂಗಿ. ಏನೀಗ ಎಂಬುದು ಗೊತ್ತಾಗಲು ಸ್ವಲ್ಪ ತಡವಾಯಿತು, ಅಷ್ಟೇ.

ಅಲ್ಲಿ ಅವಳ ಕೆಲಸ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ. ಒಗೆದ ಬೆಡ್‌ಶೀಟುಗಳು ಒದ್ದೆ ಮುದ್ದೆಯಾಗಿ ಟ್ರಾಲಿಯಲ್ಲಿ ಬರುತ್ತವೆ. ಇಬ್ಬರು ಎದುರುಬದುರು ನಿಂತು, ತುದಿ ಹುಡುಕಿ ಹಿಡಿದು, ಜೋರಾಗಿ ಕೊಡವಿ, ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಒಂದು ಮಡಿಕೆ ಬಿದ್ದರೂ ಮತ್ತೆ ಮೊದಲಿಂದ. ರೋಲರು ತಗುಲಿ ತಗುಲಿ ಅವಳ ಮುಂಗೈ ತುಂಬ ಕಂದು ಕಲೆಗಳು. ಈಚೆಗೆ ಬಲಗೈ ಭುಜದಿಂದ ಮೇಲೇಳುವುದೇ ಕಷ್ಟವಾಗಿತ್ತು. ಸೂಪರ್‌ವೈಸರು ಕರೆದು, ಊರಿಗೆ ಹೋಗಿ ಯೋಚನೆ ಮಾಡು, ಬರುವುದಾದರೆ ಕೂತು ಮಾಡುವ ಕೆಲಸ ಕೊಡುತ್ತೇನೆ, ಇಲ್ಲವಾದರೆ ರಜೆ ಮುಗಿಯುವುದರೊಳಗೆ ಹೇಳಿಬಿಡು ಎಂದಿದ್ದಳು. ಅದೇ ಹೊತ್ತಿಗೆ ಅಕ್ಕ ಫೋನು ಮಾಡಿ ಹುಡುಗಿಗೆ ಗಂಡು ಕೂಡಿಬಂದಿದೆ ಎಂದಳು. ಹುಡುಗ ಅದೇ ಊರಿನವನು, ಮನೆಯೂ ಹತ್ತಿರದಲ್ಲೇ.

ತಂಗಿ ಮುಕ್ಕಾಲು ಪಾಲು ತೀರ್ಮಾನ ಮಾಡಿಕೊಂಡೇ ವಿಮಾನ ಹತ್ತಿದಳು: ಸಾಕು, ಇನ್ನು ಊರಿಗೆ ಬಂದುಬಿಡುವುದು. ಉಳಿದ ಕಾಲು ಪಾಲಿಗೆ ಒಂದು ಷರತ್ತು ಇಟ್ಟುಕೊಂಡಿದ್ದಳು, ಯಾರಿಗೂ ಹೇಳಿರಲಿಲ್ಲ. ಹುಡುಗಿ ಒಂದೇ ಒಂದು ಸಲ ತನಗೆ ‘ನೀನು’ ಅನ್ನಬೇಕು. ‘ಅಮ್ಮ’ ಬೇಡ, ಅದು ಅಕ್ಕನ ಪಾಲಾಯಿತು. ಡಾಕ್ಟರಿಗೂ ಮನೆ ಓನರಿಗೂ ಕೊಡುವ ಬಹುವಚನ ತನಗೆ ಕೊಡದಿದ್ದರೆ ಸಾಕು.

ಅಕ್ಕ ಮುಂದಿನ ಕೋಣೆಯಲ್ಲಿ ಹೆಂಗಸರ ಬಟ್ಟೆ ಹೊಲಿಯುತ್ತಿದ್ದಳು. ನೆಲದ ತುಂಬ ದಾರದ ಚೂರು. ಬಂದವರ ಪಾದಕ್ಕೆಲ್ಲ ಅಂಟಿಕೊಂಡು ಅಡುಗೆಮನೆಯವರೆಗೂ ಹೋಗುತ್ತಿದ್ದವು. ವರ್ಷಗಟ್ಟಲೆ ಅವಳು ಫೋನಿನಲ್ಲಿ, “ಬಂದ್ಬಿಡೇ, ಸಾಕು ದುಡಿದಿದ್ದು” ಎಂದು ಉಪಚಾರ ಮಾಡಿದ್ದಳು. ದೂರದಲ್ಲಿರುವವರನ್ನು ಬಾ ಬಾ ಎನ್ನುವುದಕ್ಕೆ ಖರ್ಚೇನು? ಈ ಸಲ ತಂಗಿ ಸೂಟ್‌ಕೇಸು ಇಳಿಸಿ, “ಅಕ್ಕಾ, ಪೂರ್ತಿ ಬಂದ್ಬಿಡೋಣ ಅಂತಿದೀನಿ” ಎಂದಾಗ ಹೊಲಿಗೆ ಮಿಷನ್ನು ಗಕ್ಕನೆ ನಿಂತಿತು.

“ಪೂರ್ತಿ ಅಂದ್ರೆ?”

“ಪೂರ್ತಿ ಅಂದ್ರೆ ಪೂರ್ತಿ.”

ಅಕ್ಕ ಬಗ್ಗಿ, ಸರಿಯಾಗೇ ಇದ್ದ ದಾರವನ್ನು ಸೂಜಿಯಿಂದ ಬಿಡಿಸಿ ಮತ್ತೆ ಪೋಣಿಸಿದಳು.

“ಬಾ. ನಾನೇನು ಬೇಡ ಅಂತೀನಾ? ಅವಳು ಮದುವೆಯಾಗಿ ಹೋದ್ರೆ ಹಿಂದಿನ ರೂಮು ಖಾಲಿನೇ. ಆದ್ರೆ ಒಂದು ಮಾತು ಕಣೇ. ಗಂಡಿನ ಕಡೆಯವರು ನಾನೇ ಹೆತ್ತಿದ್ದು ಅಂದ್ಕೊಂಡಿದಾರೆ. ನೀನು ಚಿಕ್ಕಮ್ಮ ಆಗೇ ಇರ್ಬೇಕು.”

“ನಿಜ ಹೇಳಿದ್ರೆ ಏನಾಗುತ್ತೆ?”

“ಹಾಗಾದ್ರೆ ಅಪ್ಪ ಯಾರು ಅಂತಾರೆ. ಓಡಿಹೋದ ಅನ್ಬೇಕು. ಯಾರ ಜೊತೆ ಅಂತಾರೆ. ಹೆತ್ತೋಳು ಇಪ್ಪತ್ತು ವರ್ಷ ಎಲ್ಲಿದ್ಲು ಅಂತಾರೆ. ಯಾವುದಕ್ಕೆ ಅಂತ ಬಾಯಿ ಕೊಡ್ತೀಯ?”

“ಇದು ನಿನ್ನ ಮಾತಾ, ಅವಳದಾ?”

“ಅವಳನ್ನೇ ಕೇಳು ಹೋಗು,” ಎಂದು ಅಕ್ಕ ಮಿಷನ್ನು ತುಳಿಯತೊಡಗಿದಳು.

ಹುಡುಗಿ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಉದ್ದಕ್ಕೆ ಗಾಜಿನ ಕೌಂಟರು, ಗೋಡೆಗೆಲ್ಲ ಫ್ರೇಮುಗಳು, ನಡುನಡುವೆ ಕನ್ನಡಿ. ತಂಗಿ ಒಳಗೆ ಕಾಲಿಟ್ಟಾಗ “ಬನ್ನಿ ಚಿಕ್ಕಮ್ಮ, ಕೂತ್ಕೊಳ್ಳಿ” ಎಂದಳು. ಮುಂಚೆ ಬಂದಿದ್ದ ಗಿರಾಕಿಗೂ ಅದೇ ದನಿ, ಅದೇ ಅಳತೆಯ ನಗು. ಹೇಗೂ ಬಂದಿದ್ದೀರಿ, ಕಣ್ಣು ನೋಡಿಬಿಡುತ್ತೇನೆಂದು ಒಳಕೋಣೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸುವ ಭಾರದ ಫ್ರೇಮನ್ನು ಅವಳ ಮೂಗಿನ ಮೇಲಿಟ್ಟಳು. ಕಿವಿಯ ಹಿಂದೆ ಬೆರಳು ತಗುಲಿತು. ತಂಗಿ ಕಣ್ಣು ಮುಚ್ಚಿಕೊಂಡಳು. ಈ ಕೈ ತನ್ನ ಮುಖ ಮುಟ್ಟಿ ಎಷ್ಟು ಕಾಲವಾಗಿತ್ತೋ!

“ಕೊನೇ ಸಾಲು ಓದಿ.”

ಓದಿದಳು, ತಪ್ಪು ತಪ್ಪಾಗಿ.

“ಅಮ್ಮ ಎಲ್ಲ ಹೇಳಿದ್ಲು. ನೀವು ಬರ್ಬೇಡಿ ಅಂತ ನಾನು ಅನ್ನಲ್ಲ. ನಿಮ್ಮ ಊರು, ನಿಮ್ಮ ಅಕ್ಕ. ನನಗೆ ತೊಂದ್ರೆ ಆಗದ ಹಾಗೆ ಬನ್ನಿ ಅಂತಿದೀನಿ, ಅಷ್ಟೇ. ಇದ್ರಲ್ಲಿ ಚೆನ್ನಾಗಿ ಕಾಣುತ್ತಾ, ಇದ್ರಲ್ಲಾ?”

“ಮೊದಲನೇದು. ನಾನು ಹೆತ್ತಿದ್ದೇ ನಿನಗೆ ತೊಂದ್ರೆನಾ?”

ಹುಡುಗಿ ಇನ್ನೊಂದು ಗಾಜು ಸಿಕ್ಕಿಸಿದಳು. “ಹೆತ್ತಿದ್ದು ನನಗೆ ನೆನಪಿಲ್ಲ ಚಿಕ್ಕಮ್ಮ. ಜ್ವರ ಬಂದಾಗ ಪಕ್ಕದಲ್ಲಿ ಯಾರಿದ್ರು ಅನ್ನೋದು ನೆನಪಿದೆ. ಕತ್ತು ಆಡಿಸ್ಬೇಡಿ.”

“ನಾನೇನು ಮಜಾ ಮಾಡೋಕೆ ಹೋಗಿದ್ನಾ?”

“ಹಾಗಂದ್ನಾ? ನೀವು ರಜೆಗೆ ಬಂದಾಗ್ಲೆಲ್ಲ ಮೊದಲನೇ ವಾರ ನನ್ನ ಮುದ್ದಾಡ್ತಿದ್ರಿ. ಎರಡನೇ ವಾರ ನಿಮಗೆ ಬೇಜಾರು ಬರ್ತಿತ್ತು. ಬಾಗಿಲಲ್ಲಿ ನಿಂತು ರಸ್ತೆ ನೋಡ್ತಿದ್ರಿ. ಮಕ್ಕಳಿಗೆ ಗೊತ್ತಾಗಲ್ಲ ಅಂದ್ಕೊಂಡಿದ್ರಾ?”

ಸುಳ್ಳಾಗಿದ್ದರೆ ತಂಗಿ ಜಗಳಕ್ಕೆ ನಿಲ್ಲಬಹುದಿತ್ತು, ಆದರೆ ಇದು ನಿಜ. “ಆಯ್ತು, ಚಿಕ್ಕಮ್ಮ ಆಗೇ ಇರ್ತೀನಿ” ಎಂದಳು.

“ಥ್ಯಾಂಕ್ಸ್. ನಿಮಗೆ ದೂರದ್ದು ಸರಿಯಾಗಿದೆ, ಹತ್ತಿರದ್ದೇ ಕಾಣ್ತಿಲ್ಲ.” ಚುಚ್ಚಿ ಆಡಿದ ಮಾತಲ್ಲ ಇದು, ಆ ವಯಸ್ಸಿನ ಗಿರಾಕಿಗಳಿಗೆಲ್ಲ ಅವಳು ದಿನಾ ಹೇಳುವುದೇ ಹೀಗೆ.

ಗಂಡಿನ ತಾಯಿ ಮದುವೆಯ ಮಾತುಕತೆಗೆ ಬಂದದ್ದು ಆ ವಾರದ ಕೊನೆಗೆ. ಚಿಕ್ಕ ಮಕ್ಕಳ ಶಾಲೆಯಲ್ಲಿ ಟೀಚರು, ಒಳ್ಳೆಯ ಹೆಂಗಸು. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಅವಳೆದುರು ಸುಳ್ಳು ಹೇಳುವುದು ನೀರು ಕುಡಿದಷ್ಟು ಸುಲಭವಾಗುತ್ತಿತ್ತು. ಅಕ್ಕ ಮಿಷನ್ನಿನ ಮೇಲೆ ಹೂವಿನ ಬಟ್ಟೆ ಹೊದಿಸಿ, ನೆಲವನ್ನು ಎರಡು ಸಲ ಗುಡಿಸಿದ್ದಳು. ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಯಾರು ಏನಂದರೂ “ಹೌದು ಹೌದು” ಎನ್ನುತ್ತ ಕೂತಿದ್ದ. ತಂಗಿ ಕಲೆ ಕಾಣದಂತೆ ಉದ್ದ ತೋಳಿನ ಬಟ್ಟೆ ಹಾಕಿಕೊಂಡು ಟೀ ತಂದಳು.

“ಇವರು?” ಎಂದಳು ಟೀಚರು.

“ನನ್ನ ತಂಗಿ. ಹೊರಗಡೆ ದೇಶದಲ್ಲಿರ್ತಾಳೆ.”

“ಓ, ಸಂತೋಷ. ನಿಮಗೆ ಎಷ್ಟು ಜನ ಮಕ್ಕಳು?”

ಅಕ್ಕ, ಭಾವ, ಹುಡುಗಿ ಮೂವರೂ ತಮ್ಮ ತಮ್ಮ ಕಪ್ಪಿನೊಳಗೆ ನೋಡಿದರು. ಇದೊಂದು ಪ್ರಶ್ನೆ ಬಂದೇ ಬರುತ್ತದೆಂದು ತಂಗಿ ಬೆಳಗಿನಿಂದ ‘ಇಲ್ಲ’ ಎನ್ನುವುದನ್ನು ಮನಸ್ಸಿನಲ್ಲೇ ಉರು ಹೊಡೆದಿದ್ದಳು. ಎರಡು ಅಕ್ಷರ. ನಾಲಿಗೆ ಏಳಲೇ ಇಲ್ಲ.

“ಚಿಕ್ಕಮ್ಮಂಗೆ ಮಕ್ಕಳಿಲ್ಲ,” ಎಂದಳು ಹುಡುಗಿ ಬಿಸ್ಕತ್ತಿನ ತಟ್ಟೆಯನ್ನು ಮುಂದೆ ಸರಿಸುತ್ತ.

ಟೀಚರು ನಿಜವಾಗಿಯೂ ನೊಂದುಕೊಂಡಳು. “ಛೆ, ತಪ್ಪು ತಿಳ್ಕೋಬೇಡಿ, ಸುಮ್ನೆ ಕೇಳ್ದೆ. ಇವಳನ್ನೇ ಮಗಳು ಅಂದ್ಕೊಂಡ್ಬಿಡಿ. ಅಕ್ಕನ ಮಗಳೇನು ಬೇರೆ, ಸ್ವಂತ ಮಗಳೇನು ಬೇರೆ?”

“ಇವಳು ನನ್ನ ಮಗಳೇ,” ಎಂದಳು ತಂಗಿ.

ನೇರವಾಗಿ, ಟೀಚರ ಕಣ್ಣಲ್ಲಿ ಕಣ್ಣಿಟ್ಟು ಅಂದಳು. ಅಕ್ಕ ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟಳು. ಹುಡುಗಿಯ ಮುಖದಲ್ಲಿ ಒಂದು ತೊಟ್ಟು ರಕ್ತ ಉಳಿಯಲಿಲ್ಲ.

ಟೀಚರು ಎದ್ದು ಬಂದು ತಂಗಿಯ ಎರಡೂ ಕೈ ಹಿಡಿದುಕೊಂಡಳು. “ನೋಡಿ, ಎಂಥ ಮನಸ್ಸು! ಹೀಗೆ ಅನ್ನೋಕೂ ಪುಣ್ಯ ಬೇಕು. ನಿಮ್ಮಂಥ ಚಿಕ್ಕಮ್ಮ ಎಲ್ಲರಿಗೂ ಸಿಗಲ್ಲ ಕಣ್ರೀ.” ಅವಳ ಕಣ್ಣು ಒದ್ದೆಯಾಗಿತ್ತು.

“ಹೌದು ಹೌದು,” ಎಂದ ಭಾವ.

ಹೇಳಬಾರದ ನಿಜವನ್ನು ಹೇಳಿಬಿಟ್ಟಳು, ಕೇಳಿದವಳು ಅದನ್ನು ಒಳ್ಳೆಯ ಮಾತೆಂದು ತಿಳಿದು ಮೆಚ್ಚಿಕೊಂಡಳು. ಇದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು. ತಂಗಿ ಕೈ ಬಿಡಿಸಿಕೊಂಡು, “ಸಕ್ಕರೆ ಸಾಕಾ ನಿಮಗೆ?” ಎಂದು ಕೇಳಿದಳು.

ಟೀಚರು ಹೊರಟುಹೋದ ಮೇಲೆ ತಂಗಿ ಅಡುಗೆಮನೆಯಲ್ಲಿ ಕಪ್ಪು ತೊಳೆಯುತ್ತಿದ್ದಳು. ಹುಡುಗಿ ಒಳಗೆ ಬಂದು ಬಾಗಿಲನ್ನು ಕಾಲಿನಿಂದ ದೂಡಿ ಮುಚ್ಚಿದಳು.

“ಏನೇ ರೋಗ ನಿಂಗೆ? ಒಂದು ಸುಳ್ಳು ಹೇಳೋಕಾಗಲ್ವಾ? ಇಪ್ಪತ್ತು ವರ್ಷ ಮಗಳಿಲ್ಲದೆ ಹಾಯಾಗಿದ್ದೆಯಲ್ಲ, ಇವತ್ತೊಂದು ಗಂಟೆ ಇರೋಕೇನಾಗಿತ್ತು? ಆ ಹೆಂಗಸು ಒಳ್ಳೇದಾಗಿದ್ದಕ್ಕೆ ಬದುಕ್ಕೊಂಡೆ ನಾನು. ಹೋಗೇ ಇಲ್ಲಿಂದ! ನೀನು ಸತ್ತಾದ್ರೂ ಹೋಗಿದ್ರೆ ಹೆತ್ತೋಳು ಸತ್ತೋದ್ಲು ಅಂತ ತಲೆ ಎತ್ಕೊಂಡು ಹೇಳ್ತಿದ್ದೆ. ಅದನ್ನೂ ಮಾಡ್ಲಿಲ್ಲ ನೀನು.”

ನಮ್ಮ ಭಾಷೆಯ ಏಕವಚನ ವಿಚಿತ್ರದ್ದು. ಎದೆಗೆ ಅವಚಿಕೊಂಡವರಿಗೂ ಅದೇ, ಬೀದಿಯಲ್ಲಿ ಕಾಲು ಕೆರೆದು ಜಗಳಕ್ಕೆ ಬಂದವರಿಗೂ ಅದೇ. ಇದು ಎರಡನೆಯದೆಂದು ತಂಗಿಗೆ ಗೊತ್ತಾಗದೆ ಇರಲಿಲ್ಲ. ಆದರೂ ನಾಚಿಕೆಗೆಟ್ಟ ಮನಸ್ಸು ಹಿಗ್ಗಿತು. ‘ಹೋಗೇ’ ಅಂದಳು ನನಗೆ. ಅಕ್ಕನಿಗೆ ಸಿಟ್ಟಿನಲ್ಲಿ ಅನ್ನುವುದೂ ಹೀಗೆಯೇ. ಸತ್ತಾದರೂ ಹೋಗಬಾರದಿತ್ತೇ ಎಂದು ಹೊರಗಿನವರಿಗೆ ಯಾರಾದರೂ ಅನ್ನುತ್ತಾರೆಯೇ? ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು, ತಂಗಿ ಒಂದೇ ಕಪ್ಪನ್ನು ಉಜ್ಜುತ್ತ ನಿಂತಿದ್ದಳು. ಉಳಿದಿದ್ದ ಕಾಲು ಪಾಲೂ ತೀರ್ಮಾನವಾಯಿತು. ಬೈಸಿಕೊಂಡಾದರೂ ಸರಿ, ಹಿಂದಿನ ರೂಮಿನಲ್ಲಿ ಬಿದ್ದಿರುತ್ತೇನೆ. ಬೆಳಿಗ್ಗೆ ಸೂಪರ್‌ವೈಸರಿಗೆ ಫೋನು ಮಾಡಿ ಬರುವುದಿಲ್ಲ ಎಂದು ಹೇಳಿಬಿಡಬೇಕು.

ಬೆಳಿಗ್ಗೆ ಅವಳು ಫೋನು ಕೈಗೆತ್ತಿಕೊಂಡಿದ್ದಳು. ಅಷ್ಟರಲ್ಲಿ ಹುಡುಗಿ ಅಂಗಡಿಗೆ ಹೊರಟ ಉಡುಪಿನಲ್ಲಿ, ತಲೆ ಬಾಚಿ, ಸಾಸರಿನ ಸಮೇತ ಟೀ ಹಿಡಿದು ಬಂದಳು.

“ಚಿಕ್ಕಮ್ಮ, ಟೀ ತಗೊಳ್ಳಿ. ನಿನ್ನೆ ಸಿಟ್ಟಲ್ಲಿ ಏಕವಚನದಲ್ಲಿ ಮಾತಾಡ್ಬಿಟ್ಟೆ. ದೊಡ್ಡವರಿಗೆ ಹಾಗೆ ಅನ್ಬಾರ್ದಿತ್ತು, ತಪ್ಪಾಯ್ತು. ನೀವು ಮನಸ್ಸಿಗೆ ಹಚ್ಕೋಬೇಡಿ. ಇನ್ಯಾವತ್ತೂ ಅನ್ನಲ್ಲ.”

ಸತ್ತಿದ್ದರೆ ಚೆನ್ನಾಗಿತ್ತು ಎಂದದ್ದಕ್ಕೆ ಅವಳು ಕ್ಷಮೆ ಕೇಳಲಿಲ್ಲ. ‘ನೀನು’ ಎಂದದ್ದಕ್ಕೆ ಕೇಳಿದಳು. ಅದೊಂದನ್ನು ಮಾತ್ರ ವಾಪಸು ತೆಗೆದುಕೊಂಡಳು.

ತಂಗಿ ಟೀ ಇಸಿದುಕೊಂಡು ಒಂದು ಗುಟುಕು ಕುಡಿದಳು. ಆಮೇಲೆ ಮೆತ್ತಗೆ, ನಗುತ್ತಲೇ ಅಂದಳು:

“ಪರವಾಗಿಲ್ಲ, ಬಿಡಿ. ನೀವು ಹೊರಡಿ, ನಿಮಗೆ ಅಂಗಡಿಗೆ ಹೊತ್ತಾಗುತ್ತೆ.”

ಹುಡುಗಿ ಕಣ್ಣು ಪಿಳಿಪಿಳಿ ಬಿಟ್ಟಳು. “ನನಗ್ಯಾಕೆ ನೀವು ಅಂತೀರಿ?”

“ಬೇರೆಯವರ ಮಕ್ಕಳಿಗೆ ಇನ್ನೇನನ್ನಲಿ? ಹೋಗಿ ಬನ್ನಿ.”

ಹುಡುಗಿಯ ತುಟಿ ಸೊಟ್ಟಗಾಯಿತು. ಏನೋ ಹೇಳಲು ಬಾಯಿ ತೆರೆದವಳು ಹೇಳಲಾರದೆ ಸರ್ರನೆ ತಿರುಗಿ ಮುಂದಿನ ಕೋಣೆಗೆ ಓಡಿದಳು. ಹೊಲಿಗೆ ಮಿಷನ್ನು ನಿಂತಿತು. ಬಿಕ್ಕಿ ಬಿಕ್ಕಿ ಅಳುವುದು ಕೇಳಿಸಿತು, “ಏನಾಯ್ತೇ? ಏನಂದ್ಲು ಅವಳು?” ಎಂದು ಅಕ್ಕ ಕೇಳುವುದೂ ಕೇಳಿಸಿತು. ತನಗಾಗಿ ಆ ಹುಡುಗಿ ಅತ್ತದ್ದನ್ನು ತಂಗಿ ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ. ಅಳುತ್ತ ಅವಳು ಓಡಿದ್ದು ಮಾತ್ರ ಅಕ್ಕನ ಬಳಿಗೆ. ತಂಗಿ ಎದ್ದು ಹೋಗಲಿಲ್ಲ. ಟೀ ಪೂರ್ತಿ ಕುಡಿದು ಮುಗಿಸಿ, ಸೂಪರ್‌ವೈಸರಿಗೆ ಫೋನು ಮಾಡಿ, ಮುಂದಿನ ವಾರವೇ ಕೆಲಸಕ್ಕೆ ಬರುತ್ತೇನೆ ಎಂದಳು.