ಮೈಕಿನಲ್ಲಿ ಕೊಟ್ಟ ಕ್ಷಮೆ

ತಗ್ಗಣ್ಣ ಎಂಬುದು ಚರ್ಚಿನ ಸಭೆಯವರು ಅವನಿಗೆ ಇಟ್ಟ ಹೆಸರು. ಪ್ರೀತಿಗೆ ಇಟ್ಟರೋ ತಡೆಯಲಾರದೆ ಇಟ್ಟರೋ, ಅವನು ಮಾತ್ರ ಅದನ್ನು ಪದವಿಯೆಂದೇ ಹೊತ್ತುಕೊಂಡು ತಿರುಗುತ್ತಿದ್ದ. ಪ್ರಾರ್ಥನಾ ಮಂದಿರದ ಕಟ್ಟಕಡೆಯ ಬೆಂಚಿನ ಮೂಲೆ ಅವನದು. ಗೊತ್ತಿಲ್ಲದ ಯಾರಾದರೂ ಅಲ್ಲಿ ಕುಳಿತರೆ, "ಇದು ದೀನರ ಜಾಗ ಕಣಪ್ಪ, ಮುಂದೆ ಹೋಗು" ಎಂದು ಎಬ್ಬಿಸಿಯೇ ಕೂರುತ್ತಿದ್ದ.

ಕಸುಬು ಕ್ಷೌರ. ಬಂದವರೆಲ್ಲ ತಲೆ ತಗ್ಗಿಸಿ ಕೂರುವ ಅಂಗಡಿಯಲ್ಲಿ ತಲೆ ಎತ್ತಿ ನಿಂತವನು ಅವನೊಬ್ಬನೇ. ದೀನತೆಯ ಮೇಲೆ ಉಪದೇಶ ಮಾಡಲು ಇನ್ನೆಂಥ ಜಾಗ ಬೇಕು? ಗಲ್ಲದ ಮೇಲೆ ನೊರೆ, ಗಂಟಲ ಹತ್ತಿರ ಕತ್ತಿ. ಅಂಥ ಹೊತ್ತಿನಲ್ಲಿ ಎಂಥ ನಾಸ್ತಿಕನೂ ಎದುರಾಡುವುದಿಲ್ಲ.

ಅಂಗಡಿಯಲ್ಲಿ ಕುರ್ಚಿ ಎರಡು. ಎರಡನೆಯದು ತಮ್ಮನದು. ಅದರ ಮೇಲೆ ಈಗ ಒಗೆದ ಟವೆಲುಗಳ ರಾಶಿ ಕೂತಿತ್ತು. ಗಿರಾಕಿಗಳ ಎದುರಿಗೇ ಅಣ್ಣನಿಂದ ಬೈಸಿಕೊಂಡು ಬೈಸಿಕೊಂಡು ಸಾಕಾದ ತಮ್ಮ ಒಂದು ದಿನ ತನ್ನ ಕತ್ತರಿ ಬಾಚಣಿಗೆ ಎತ್ತಿಕೊಂಡು ಹೊರಟವನು, ರಸ್ತೆಯ ಆಚೆ ಬದಿಯಲ್ಲಿ ತನ್ನದೇ ಅಂಗಡಿ ತೆರೆದ. ಅರ್ಧ ಗಿರಾಕಿಗಳೂ ರಸ್ತೆ ದಾಟಿದರು. ತಗ್ಗಣ್ಣನಿಗೆ ಮೈಯೆಲ್ಲ ಉರಿಯಿತು. ಆದರೆ ಕ್ರೈಸ್ತನಾದವನು ಉರಿಯಬಾರದಲ್ಲ. ಹಾಗಾಗಿ ಕ್ಷಮಿಸಲು ಶುರು ಮಾಡಿದ.

ಆ ಸಭೆಯಲ್ಲಿ ಒಂದು ಪದ್ಧತಿ. ಎರಡನೆಯ ಹಾಡು ಮುಗಿದ ಮೇಲೆ ಮೈಕು ಮುಂದಿನ ಬೆಂಚಿನಿಂದ ಹಿಂದಕ್ಕೆ ಕೈಯಿಂದ ಕೈಗೆ ಬರುತ್ತದೆ. ಮನಸ್ಸಿದ್ದವರು ಗಟ್ಟಿಯಾಗಿ ಪ್ರಾರ್ಥಿಸಬಹುದು. ಕಡೆಯ ಬೆಂಚಿಗೆ ಬಂದ ಮೈಕನ್ನು ಕಿತ್ತುಕೊಳ್ಳಲು ಹಿಂದೆ ಇರುವುದು ಗೋಡೆ ಮಾತ್ರ. ತಗ್ಗಣ್ಣ ಎರಡೂ ಕೈಯಲ್ಲಿ ಅದನ್ನು ಹಿಡಿದು, "ತಂದೆಯೇ, ನಾನು ಹುಳ. ಈ ಹುಳದ ಬೆನ್ನಿಗೆ ಚೂರಿ ಹಾಕಿದ ನನ್ನ ತಮ್ಮನನ್ನು ನಾನು ಮನಸಾರೆ ಕ್ಷಮಿಸಿದ್ದೇನೆ. ನೀನೂ ಕ್ಷಮಿಸು" ಎನ್ನುತ್ತಿದ್ದ. ಕೊನೆಯ ಮಾತಿಗೆ ದನಿ ನಡುಗುತ್ತಿತ್ತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಿಕ್ಕವರು ಆಮೆನ್ ಎಂದು, ಗೋಡೆ ಬದಿಯಲ್ಲಿ ಹೆಂಡತಿಯ ಜೊತೆ ಕುಳಿತ ತಮ್ಮನ ಕಡೆ ಕತ್ತು ತಿರುಗಿಸುತ್ತಿದ್ದರು. ಪಾಸ್ಟರ್ ಒಮ್ಮೆ ಇಂಥ ಪ್ರೀತಿಯನ್ನು ನೋಡಿ ಕಲಿಯಿರಿ ಎಂದೂ ಹೇಳಿದರು. ಅಷ್ಟು ಸಾಕಾಯಿತು, ಮುಂದಿನ ಭಾನುವಾರದ ಕ್ಷಮೆ ಇನ್ನೂ ಉದ್ದವಾಯಿತು.

ತಮ್ಮನು ಸಭೆಗೆ ಬರುವುದನ್ನೇ ನಿಲ್ಲಿಸಿದ. ತಗ್ಗಣ್ಣನಿಗೆ ಕೆಲಸ ಹೆಚ್ಚಾಯಿತು, ಅದನ್ನೂ ಸೇರಿಸಿ ಕ್ಷಮಿಸಬೇಕಾಯಿತು.

ಹೀಗಿರುವಾಗ ತಮ್ಮನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮುಖದ ಬಲಭಾಗ ಮಾತು ಕೇಳದಾದವು. ಎದುರಂಗಡಿಯ ಶಟರ್ ಬಿತ್ತು. ಹೋಗಿ ನೋಡಿಕೊಂಡು ಬಾ ಎಂದು ತಗ್ಗಣ್ಣನ ಹೆಂಡತಿ ಹೇಳಿ ಹೇಳಿ ಸೋತಳು. ಅವನೇ ಹೇಳಿ ಕಳಿಸಲಿ, ನನ್ನ ಎದೆಯ ಬಾಗಿಲು ತೆರೆದೇ ಇದೆ ಎಂದು ತಗ್ಗಣ್ಣ ಚಿಲಕ ಹಾಕಿದವನ ಹಾಗೆ ಕುಳಿತುಬಿಟ್ಟ.

ಕಡೆಗೆ ನಾದಿನಿಯೇ, ತಮ್ಮನ ಹೆಂಡತಿ, ಅಂಗಡಿಯ ಹೊಸ್ತಿಲಿಗೆ ಬಂದು ನಿಂತಳು.

"ಭಾವ, ಅವರ ಗಡ್ಡ ನೋಡೋಕಾಗ್ತಿಲ್ಲ. ಬೇರೆ ಯಾರ ಕೈಗೂ ಮುಖ ಕೊಡ್ತಿಲ್ಲ. ನೀವೇ ಬರ್ಬೇಕು."

"ಅವನು ಕರೆದ್ನಾ?"

"ಕರೀಲಿಲ್ಲ. ನಿಮ್ಮನ್ನ ಕರ್ಕೊಂಡ್ ಬರ್ತೀನಿ ಅಂದೆ, ಬೇಡ ಅನ್ನಲಿಲ್ಲ."

ಇದನ್ನು ತಗ್ಗಣ್ಣ ಪಶ್ಚಾತ್ತಾಪ ಎಂದು ಅರ್ಥ ಮಾಡಿಕೊಂಡ. ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ, ಆಡಬೇಕಾದ ಮಾತನ್ನು ಸಾಣೆ ಹಿಡಿಯುತ್ತ ನಡೆದ.

ಕೋಣೆಯಲ್ಲಿ ಕಿಟಕಿಯ ಕೆಳಗೆ ತಗ್ಗಿನ ಮಂಚ, ಪಕ್ಕದಲ್ಲಿ ಪ್ಲಾಸ್ಟಿಕ್ ಟಬ್ಬು, ಔಷಧಿಯ ವಾಸನೆ. ತಮ್ಮನ ಬಾಯಿ ಒಂದು ಕಡೆ ಜಗ್ಗಿತ್ತು, ಮಾತು ತೊದಲುತ್ತಿತ್ತು. ತಗ್ಗಣ್ಣ ನೊರೆ ಹಚ್ಚಿ, ಎಡಗೆನ್ನೆ ಮುಗಿಸಿ, ಈಗ ಸಮಯ ಸರಿಯಿದೆ ಎಂದುಕೊಂಡ.

"ನಾನು ನಿನ್ನ ಕ್ಷಮಿಸಿಬಿಟ್ಟಿದೀನಿ ಕಣೋ."

"ಗೊತ್ತು," ಎಂದ ತಮ್ಮ. "ಊರಿಗೇ ಗೊತ್ತು. ಕತ್ತಿ ತೆಗಿ." ಎಡಗೈಯಿಂದ ಅಣ್ಣನ ಮಣಿಕಟ್ಟು ತಳ್ಳಿದ. "ಬೈದಿದ್ರೆ ತಿರುಗಿ ಬೈತಿದ್ದೆ. ಹೊಡೆದಿದ್ರೂ ತಡ್ಕೋತಿದ್ದೆ. ವಾರವಾರ ಮೈಕಲ್ಲಿ ಕ್ಷಮಿಸ್ತೀಯಲ್ಲ, ಅದಕ್ಕೇನ್ ಮಾಡ್ಲಣ್ಣ? ನಾನೂ ಆಮೆನ್ ಅನ್ನಲಾ? ಸಭೆ ಬಿಟ್ಟಿದ್ದು ದೇವರ ಮೇಲಿನ ಸಿಟ್ಟಿಗಲ್ಲ. ನಿನ್ನ ಕ್ಷಮೆಗೆ ಹೆದರಿ."

ತಗ್ಗಣ್ಣನ ನೆತ್ತಿಗೆ ರಕ್ತ ಏರಿತು. ಬಾಯಿ ತುಂಬ ಉತ್ತರವಿತ್ತು, ಬೆಂಬಲಕ್ಕೆ ಬೈಬಲಿನ ವಾಕ್ಯವೂ ಇತ್ತು. ಕೈಯಲ್ಲಿ ಕತ್ತಿ ಇದ್ದದ್ದರಿಂದ ನಾದಿನಿ ಎದ್ದು ನಿಂತಳು. ಹೊರಟೇಬಿಡುತ್ತಿದ್ದ, ಆದರೆ ಬಲಗೆನ್ನೆಯ ಮೇಲೆ ನೊರೆ ಒಣಗುತ್ತಿತ್ತು. ಅರ್ಧ ಮುಖ ಬೋಳಿಸಿ ಎದ್ದು ಹೋಗಲು ಧರ್ಮ ಬಿಟ್ಟರೂ ಕಸುಬು ಬಿಡಲಿಲ್ಲ.

ಆ ಕೆನ್ನೆಯಲ್ಲಿ ಬಿಗಿಯೇ ಇರಲಿಲ್ಲ. ಬೆರಳಿನಿಂದ ಚರ್ಮ ಎಳೆದು ಹಿಡಿಯಬೇಕು, ಹಿಡಿಯಲು ಬಗ್ಗಬೇಕು, ಬಗ್ಗಿದರೆ ಮಂಚ ಇನ್ನೂ ತಗ್ಗು. ಕಡೆಗೆ ಬರೀ ನೆಲದ ಮೇಲೆ ಮೊಣಕಾಲೂರಿದ. ಭಕ್ತಿಯಿಂದೇನಲ್ಲ, ಬೇರೆ ದಾರಿ ಇರಲಿಲ್ಲ. ಸಭೆಯಲ್ಲಿ ಮೊಣಕಾಲಿಗೆ ದಿಂಬು ಇರುತ್ತಿತ್ತು, ಇಲ್ಲಿ ಸಿಮೆಂಟು. ಅಷ್ಟು ಹತ್ತಿರದಿಂದ ಅವನು ತಮ್ಮನ ಮುಖ ನೋಡಿ ಕಾಲವಾಗಿತ್ತು. ಮುಚ್ಚಲಾಗದ ಕಣ್ಣು ಅವನನ್ನೇ ನೋಡುತ್ತಿತ್ತು, ನೀರು ತನ್ನಷ್ಟಕ್ಕೆ ಸೋರುತ್ತಿತ್ತು. ತಗ್ಗಣ್ಣ ಅದನ್ನು ಟವೆಲಿನಿಂದ ಒರೆಸಿದ. ಮತ್ತೆ ಸೋರಿತು.

"ತಪ್ಪಾಯ್ತು ಕಣೋ," ಎಂದ, ಕಿವಿಯ ಹತ್ತಿರ.

"ಏನಂದೆ?"

"ಕೇಳಿಸ್ತಲ್ಲ. ಸುಮ್ನಿರು, ಕುಯ್ದೀತು."

ಮುಖ ಒರೆಸಿ ಏಳುವ ಹೊತ್ತಿಗೆ ಹಳೆಯ ಚಾಳಿ ಎದ್ದು ಕೂತಿತು. ಬರುವ ಭಾನುವಾರ ಎಲ್ಲರೆದುರು ತಪ್ಪು ತನ್ನದೇ ಎಂದು ಒಪ್ಪಿಕೊಳ್ಳುತ್ತೇನೆ, ಕಣ್ಣೀರಿಡುತ್ತೇನೆ ಎಂದ.

"ಮತ್ತೆ ಮೈಕಾ?" ತಮ್ಮನು ಕಣ್ಣು ಮುಚ್ಚಲು ನೋಡಿದ, ಒಂದೇ ಮುಚ್ಚಿತು. "ಅಣ್ಣ, ನನ್ನ ಹೆಸರು ಅಲ್ಲಿ ಎತ್ತಬೇಡ. ಒಳ್ಳೇದಕ್ಕೂ ಬೇಡ. ಎತ್ತಿದ್ರೆ ಈ ಬಾಗಿಲಿಗೆ ಬರ್ಬೇಡ."

ಭಾನುವಾರ ಮೈಕು ಬಂತು. ಬೇಡ ಬೇಡವೆಂದರೂ ಪ್ರಾರ್ಥನೆ ಗಂಟಲಿಗೆ ಬಂದು ನಿಂತಿತ್ತು, ನಡುಕದ ಸಮೇತ. ತಗ್ಗಣ್ಣ ಅದನ್ನು ಮಾತ್ರೆ ನುಂಗಿದ ಹಾಗೆ ನುಂಗಿ ಮೈಕನ್ನು ಮುಂದಿನ ಬೆಂಚಿಗೆ ವಾಪಸು ಕೊಟ್ಟ. ಸಭೆಗೆ ಸಭೆಯೇ ತಿರುಗಿ ನೋಡಿತು. ಚಪ್ಪಲಿ ಬಿಡುವಲ್ಲಿ ಸಭೆಯ ಹಿರಿಯರೊಬ್ಬರು ಅವನ ಹೆಗಲ ಮೇಲೆ ಕೈಯಿಟ್ಟು, ಪ್ರಾರ್ಥನೆಗೆ ಬಾಯಿ ಬಿಗಿಯುವುದು ಗರ್ವದ ಮೊದಲ ಗುರುತು ಎಂದು ಎಚ್ಚರಿಸಿದರು. ಒಂದೇ ಒಂದು ಮಾತು ಸಾಕಿತ್ತು: ದಿನ ಬಿಟ್ಟು ದಿನ ತಮ್ಮನ ಮಂಚದ ಬಳಿ ಮೊಣಕಾಲೂರುತ್ತಿದ್ದೇನೆ ಎಂದಿದ್ದರೆ ಹಿರಿಯರೇ ಅಲ್ಲಿ ಅತ್ತುಬಿಡುತ್ತಿದ್ದರು.

"ಇರಬಹುದು ಬಿಡಿ," ಎಂದು ತಗ್ಗಣ್ಣ ಚಪ್ಪಲಿ ಮೆಟ್ಟಿದ.

ಅದರ ಮುಂದಿನ ವಾರ ಹಿರಿಯರು ಮೈಕು ಹಿಡಿದು, ಕಡೆಯ ಬೆಂಚಿನ ಸಹೋದರನ ಗರ್ವ ಮುರಿಯಲಿ ಎಂದು ತುಂಬು ಪ್ರೀತಿಯಿಂದ ಪ್ರಾರ್ಥಿಸಿದರು. ಆಮೆನ್ ಎಂಬ ದನಿ ಎದ್ದಿತು. ಕತ್ತುಗಳು ತಿರುಗಿದವು. ತಗ್ಗಣ್ಣನ ಕಿವಿ ಕೆಂಪಾಯಿತು. ಎದ್ದು ಹೋಗಬೇಕೆನಿಸಿತು, ಆ ದೃಷ್ಟಿಗಳ ಕೆಳಗೆ ತಮ್ಮ ಅಷ್ಟು ಭಾನುವಾರ ಹೇಗೆ ಕುಳಿತಿದ್ದನೋ ಎಂದೂ ಅನಿಸಿತು. ಹಲ್ಲು ಕಚ್ಚಿ ಆಮೆನ್ ಎಂದ.

ಅಲ್ಲಿಂದ ನೇರ ತಮ್ಮನ ಮನೆಗೆ ಹೋಗಿ ನೊರೆ ಕಲಸಿದ.

"ಯಾಕಣ್ಣ, ಇವತ್ತು ಕೈ ಒರಟಾಗಿದೆ?"

"ಏನಿಲ್ಲ. ಬಾಯಿ ಮುಚ್ಕೊಂಡ್ ಕೂತ್ಕೊಳ್ಳೋದು ಎಷ್ಟು ಕಷ್ಟ ಅಂತ ನಿಂಗೇನ್ ಗೊತ್ತು."

"ನಂಗೆ ಗೊತ್ತಿಲ್ವಾ?" ಎಂದ ತಮ್ಮ, ಬಾಯಿಯ ಒಂದೇ ಬದಿಯಿಂದ. ಏನು ಹೇಳಿದೆನೆಂದು ತಗ್ಗಣ್ಣನಿಗೆ ಆಗ ಹೊಳೆಯಿತು. ತಮ್ಮ ನಗಲು ಹೋದ. ಅರ್ಧ ಮುಖವೇ ನಕ್ಕಿತು, ನೊರೆ ಬಾಯೊಳಗೆ ಹೋಯಿತು. ತಗ್ಗಣ್ಣ ಬೈದುಕೊಂಡೇ ಅವನ ತುಟಿ ಒರೆಸಿದ.