ಮಂತ್ರಿಯನ್ನು ಓದಿಸಿದ ಒಲೆ

“ಒಲೆ ಆರಿಸು ಅಪಾ! ಹೊಗೆಗೆ ಮಂತ್ರಿಗಳ ಬೆಂಚಿಗೆ ಮುಚ್ಚೋಕೆ ತಂದ ಗಾಜಿನ ಪೆಟ್ಟಿಗೆ ಕಪ್ಪಾಗ್ತಿದೆ.”

“ಗಾಜು ಕಪ್ಪಾದ್ರೆ ಒರೆಸ್ಕೊ. ಚಳಿಗೆ ಮಕ್ಕಳ ಬೆರಳು ಕಪ್ಪಾದ್ರೆ ಏನ್ ಮಾಡ್ತೀಯೋ, ಟೈ ಕಟ್ಕೊಂಡ ಟಗರೇ?”

ಹಿಮಬೆಟ್ಟಗಳ ನರೀನ್ ಸೀಮೆಯ ಕಾರಾ-ಸಾಯ್ ಊರಿನ ಶಾಲೆ. ಇನ್ನೂ ಬೆಳಕು ಹರಿದಿಲ್ಲ. ಟಗರು ಎನಿಸಿಕೊಂಡವನು ಜಿಲ್ಲಾ ಕಚೇರಿಯ ಎರ್ಮೆಕ್. ಬೈದವರು ಊರಿಗೇ ಅವ್ವನಂತಿರುವ ಬುರುಲ್ ಅಪಾ. ಮೂವತ್ತೆಂಟು ಚಳಿಗಾಲಗಳಿಂದ ಇಲ್ಲಿ ಒಲೆ ಹೊತ್ತಿಸುತ್ತಿದ್ದಾರೆ. ಒಲೆಯ ಬಾಯಿ ಪಡಸಾಲೆಗಿದೆ, ಮೈ ತರಗತಿಯೊಳಗೆ. ಬೆರಣಿ ಮುರಿದು ತುರುಕುತ್ತಲೇ ಬೈಯುತ್ತಾರೆ. ಕೈಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ.

ಮಂತ್ರಿ ಸಮುದಿನ್ ಓದಿದ ಕೋಣೆಯೆಂದು ಇದನ್ನು ಸ್ಮಾರಕ ಮಾಡುತ್ತಾರಂತೆ. ಇಡೀ ಶಾಲೆಯಲ್ಲಿ ಸರಿಯಾಗಿ ಬೆಚ್ಚಗಾಗುವುದು ಇದೊಂದೇ. ಇಲ್ಲಿ ಕೂರುವ ಒಂದನೇ ತರಗತಿಯನ್ನು ಬಡಗಣ ಕೋಣೆಗೆ ಅಟ್ಟುತ್ತಾರೆ. ಅಲ್ಲಿ ನಡುಹಗಲಲ್ಲೂ ಕುಡಿಯುವ ನೀರು ಹೆಪ್ಪುಗಟ್ಟಿರುತ್ತದೆ. ಒಂದು ಖಾಲಿ ಬೆಂಚನ್ನು ಬೆಚ್ಚಗಿನ ಕೋಣೆಯಲ್ಲಿಟ್ಟು ಜೀವಂತ ಮಕ್ಕಳನ್ನು ಹಿಮಕ್ಕೆ ನೂಕುವ ಯೋಜನೆಗೆ ಸಹಿ ಹಾಕಿದ ಕೈಗೆ ನಾಚಿಕೆಯಾಗಬೇಡವೇ?

ಗೋಡೆಯ ಫಲಕದಲ್ಲಿ ಬರೆದಿದೆ: ಸಮುದಿನ್ ಈ ಬೆಂಚಿನಲ್ಲಿ ಕುಳಿತು ತರಗತಿಗೇ ಮೊದಲಿಗರಾದರು.

“ಬರೀ ಸುಳ್ಳು. ಬೆಂಚಿನ ಮೇಲೆ ಅವನು ಕೂತಿದ್ದೇ ಕಮ್ಮಿ. ಅಪ್ಪ ಇಲ್ಲ, ಅವ್ವ ಊರವರ ಕುರಿ ಕಾಯೋಳು. ಬೂಟು ಕುರಿಹಿಕ್ಕೆ ನಾರುತ್ತೆ ಅಂತ ಮೇಷ್ಟ್ರು ಹೊರಗೆ ಹಾಕೋರು. ನಾನು ಇಲ್ಲಿ, ಒಲೆ ಮುಂದೆ ಕೂರಿಸ್ಕೊಳ್ತಿದ್ದೆ. ಬೆಂಕಿ ಹೊತ್ತಿಸೋಕೆ ಹಳೇ ರಷ್ಯನ್ ಪೇಪರ್ ಬರ್ತಿತ್ತು. ನಂಗೆ ಆ ಭಾಷೆ ಬರಲ್ಲ. ಓದಿ ಹೇಳದೆ ಒಂದು ಹಾಳೇನೂ ಒಲೆಗೆ ಹಾಕಂಗಿಲ್ಲ ಅಂದೆ. ಮೊದಮೊದಲು ತಡವರಿಸ್ತಿದ್ದ. ಆಮೇಲೆ ಜಗಳ ಶುರು. ‘ಆ ಊರಿಗೆ ಸೇತುವೆ ಕಟ್ಟಿದಾರಂತೆ ಅಪಾ, ನಮಗ್ಯಾಕಿಲ್ಲ?’ ಅನ್ನೋನು. ‘ದೊಡ್ಡೋನಾಗಿ ನೀನೇ ಕೇಳು, ಈಗ ಬೆರಣಿ ಕೊಡು’ ಅಂತಿದ್ದೆ.”

ಇದಕ್ಕೆ ಫಲಕದಲ್ಲಿ ಜಾಗವಿಲ್ಲ. ಉದ್ಘಾಟನೆಯ ದಿನ ಅಪಾಗೆ ಸನ್ಮಾನದ ಕಸೂತಿ ನಿಲುವಂಗಿ, ಚಪಾನ್, ಹೊದಿಸುತ್ತಾರೆ. ಹೊದ್ದುಕೊಂಡು, ಕ್ಯಾಮೆರಾದ ಮುಂದೆ ಫಲಕದ ಮಾತನ್ನೇ ಹೇಳಬೇಕು.

ಎರ್ಮೆಕ್ ಈಗ ದನಿ ತಗ್ಗಿಸಿ ಆ ನೀಲಿ ನಿಲುವಂಗಿಯನ್ನು ಅವರ ಹೆಗಲಿಗೆ ಹಾಕುತ್ತಾನೆ.

“ಮೊದಲಿಗ ಅಂದ್ಬಿಡು ಅಪಾ. ನಿನ್ನ ಗಂಟೇನು ಹೋಗುತ್ತೆ?”

“ಮಕ್ಕಳು ಇದೇ ಕೋಣೇಲಿ ಇರ್ತಾರಾ?”

“ಆದೇಶ ಬಂದಾಗಿದೆ. ಒಲೆ ಆರಿಸಲೇಬೇಕು.”

ಅಪಾ ಚಪಾನ್ ತೆಗೆದು, ಒಳಗೆ ಹೋಗಿ, ಮಂತ್ರಿಗಳ ಬೆಂಚಿನ ಮೇಲೆ ಮಡಚಿಡುತ್ತಾರೆ. ಹೊರಬಂದು ಕೆಂಡವನ್ನೆಲ್ಲ ಗೋರಿ ಬಕೆಟ್ಟಿಗೆ ತುಂಬುತ್ತಾರೆ.

“ಆರಿಸೋದು ನಂಗೆ ಬರಲ್ಲಪ್ಪ. ಮನೆಗೆ ಒಯ್ತೀನಿ. ಚಿಕ್ಕೋರು ಬಂದ್ರೆ ಅಲ್ಲಿಗೆ ಕಳಿಸು. ಸಮುದಿನ್ ಬಂದ್ರೆ ಅವನನ್ನೂ ಕಳಿಸು. ಓದಿ ಹೇಳೋಕೆ ಪೇಪರ್ ಬೇಕಾದಷ್ಟಿದೆ.”

ಹೊಗೆಯಾಡುವ ಬಕೆಟ್ಟು ಹಿಡಿದು ಹಿಮದಲ್ಲಿ ಇಳಿದು ಹೋದ ಬುರುಲ್ ಅಪಾ ಆಮೇಲೆ ಆ ಶಾಲೆಯ ಹೊಸ್ತಿಲು ತುಳಿದಿಲ್ಲ.